ನೇಗಿಲಿಲ್ಲದ ಗದ್ದೆಗೆ ಗೊಣ್ಣೆ ಹುಳು ಬಂದಾಗ

ಮಾತಾಡುತ್ತಿರುವವರು ಇಬ್ಬರು. ಒಬ್ಬರು ಮಂಡ್ಯ ಸೀಮೆಯ ಕಬ್ಬು ಬೆಳೆಗಾರರು. ನಾಲ್ಕು ವರ್ಷದಿಂದ ಗದ್ದೆಗೆ ನೇಗಿಲಾಗಲಿ ಟ್ರಾಕ್ಟರಾಗಲಿ ಇಳಿಸಿಲ್ಲ, ತರಗಿಗೆ ಬೆಂಕಿ ಇಟ್ಟಿಲ್ಲ, ಕೂಳೆಯ ಮೇಲೆ ಕೂಳೆ ಬಿಡುತ್ತಾ ಬಂದಿದ್ದಾರೆ. ಇನ್ನೊಬ್ಬಳು ಅವರ ಅಣ್ಣನ ಮಗಳು. ಕೀಟಶಾಸ್ತ್ರ ಓದಿದವಳು, ಗೌರಿ ಹಬ್ಬಕ್ಕೆ ಊರಿಗೆ ಬಂದಿದ್ದಾಳೆ. ಹುಬ್ಬೆ ಮಳೆ ನಡೆಯುತ್ತಿದೆ.

ಚಿಕ್ಕಪ್ಪ: ಈ ಕಬ್ಬು ಹಿಡಿದು ಎಳೆದು ನೋಡು. ಜೋರಾಗಿ ಬೇಡ, ಸುಮ್ನೆ ಎತ್ತು.

ಮಗಳು: ಅಯ್ಯೋ, ಬುಡಸಮೇತ ಬಂತಲ್ಲ ಚಿಕ್ಕಪ್ಪ! ಬೇರೆಲ್ಲ ತಿಂದು ಹಾಕಿವೆ. ಆ ಗುದ್ದಲಿ ಕೊಡಿ ಇಲ್ಲಿ.

ಚಿಕ್ಕಪ್ಪ: ಅಗೆದು ನೋಡೋದೇನಿದೆ, ಗೊಣ್ಣೆ ಹುಳ. ಗರಿ ಹಳದಿ ತಿರುಗಿದಾಗ ಒಬ್ಬ ಗೊಬ್ಬರ ಸಾಲದು ಅಂದ, ಇನ್ನೊಬ್ಬ ನೀರು ಸಾಲದು ಅಂದ. ಈಗ ಊರಿಗೆಲ್ಲ ಒಂದೇ ಮಾತು: ಉಳದೆ ಬಿಟ್ಟ, ತರಗು ಹೊದಿಸಿದ, ಹುಳ ಸಾಕಿದ. ನೀನೂ ಅದನ್ನೇ ಹೇಳೋಳಾದ್ರೆ ಮೊದಲೇ ಹೇಳಿಬಿಡು, ಮನೆಗೆ ಹೋಗಿ ಹೋಳಿಗೆ ತಿನ್ನೋಣ.

ಮಗಳು: ಅರ್ಧ ಅದನ್ನೇ ಹೇಳ್ತೀನಿ. ಗೊಣ್ಣೆ ಹುಳಕ್ಕೆ ಉಳುಮೆಯಷ್ಟು ಅಗ್ಗದ ಶತ್ರು ಇನ್ನೊಂದಿಲ್ಲ. ನೇಗಿಲು ಮಣ್ಣು ಮಗುಚಿದ್ರೆ ಹುಳ ಮೇಲೆ ಬೀಳುತ್ತೆ. ಬಿಸಿಲಿಗೆ ಒಂದಷ್ಟು ಸಾಯ್ತವೆ, ಉಳಿದಿದ್ದನ್ನ ಕಾಗೆ, ಗೊರವಂಕ, ಬೆಳ್ಳಕ್ಕಿ ನೋಡ್ಕೋತವೆ. ಟ್ರಾಕ್ಟರ್ ಹಿಂದೆ ಬೆಳ್ಳಕ್ಕಿ ಸಾಲುಗಟ್ಟಿ ನಡೆಯೋದು ಶೋಕಿಗಲ್ಲ. ನೀವು ಆ ಕೆಲಸ ನಿಲ್ಲಿಸಿದ್ರಿ, ಸರಿ. ಅದರ ಜಾಗದಲ್ಲಿ ಯಾವ ಕೆಲಸ ಹಚ್ಕೊಂಡ್ರಿ ಅನ್ನೋದು ನನ್ನ ಪ್ರಶ್ನೆ.

ಚಿಕ್ಕಪ್ಪ: ಕೆಲಸ ಕಡಿಮೆ ಆಗ್ಲಿ ಅಂತ ತಾನೇ ಉಳುಮೆ ಬಿಟ್ಟಿದ್ದು? ತರಗು ಹೊದಿಸಿದ ಮೇಲೆ ನಾಲೆ ನೀರು ನಾಲ್ಕು ದಿನ ತಡವಾದ್ರೂ ಗದ್ದೆ ಬಾಯಿ ಬಿಡಲ್ಲ. ಕಳೆ ಕೂಲಿ ಉಳೀತು. ಎರೆಹುಳ ವಾಪಸ್ ಬಂತು. ಇದನ್ನೆಲ್ಲ ಒಂದು ಹುಳಕ್ಕೆ ಹೆದರಿ ಬಿಟ್ಟುಬಿಡಬೇಕಾ?

ಮಗಳು: ಬಿಡಬೇಡಿ. ಮೊದಲು ಯಾವ ಹುಳ ಅಂತ ನೋಡೋಣ. ಬರುವಾಗ ತಿಪ್ಪೆ ಕೆದಕಿ ಎರಡು ಹುಳ ತಂದಿದ್ದೀನಿ. ಇಲ್ಲಿಂದ ಒಂದು ತೆಗೀತೀನಿ. ಮೂರನ್ನೂ ಈ ಚಪ್ಪಡಿ ಕಲ್ಲಿನ ಮೇಲೆ ಬಿಡ್ತೀನಿ, ನೋಡ್ತಿರಿ.

ಚಿಕ್ಕಪ್ಪ: ಇದೇನಿದು, ಅಂಗಾತ ಮಲಗಿ ಬೆನ್ನಲ್ಲಿ ಹೋಗ್ತಿದೆ!

ಮಗಳು: ಕಾಲಿದ್ದರೂ ಅದು ಬೆನ್ನಲ್ಲೇ ಹೋಗೋದು. ಹೂವು ತಿನ್ನೋ ದುಂಬಿಯ ಮರಿ. ಕೊಳೆತ ಸಗಣಿ, ತರಗು ತಿಂದು ಗೊಬ್ಬರ ಮಾಡುತ್ತೆ, ಕಬ್ಬಿನ ಬೇರಿಗೆ ಬಾಯಿ ಹಾಕಲ್ಲ. ಹೆಬ್ಬೆರಳು ಗಾತ್ರದ ಈ ಎರಡನೇದು ತೆಂಗಿನ ಸುಳಿ ಕೊರೆಯೋ ಕುರುವಾಯಿ ದುಂಬಿ ಮರಿ. ದೊಡ್ಡದಾದ ಮೇಲೆ ತೆಂಗಿಗೆ ಶತ್ರು, ಮರಿಯಾಗಿದ್ದಾಗ ತಿಪ್ಪೆಯಲ್ಲೇ ಇರುತ್ತೆ. ಮೂರನೇದು ನಿಮ್ಮ ಕಬ್ಬಿನ ಬುಡದ್ದು. ಕಂದು ತಲೆ, ಮೂರು ಜೊತೆ ಕಾಲು, ಮೈ ಬಾಗಿಸಿ ಒಂದು ಮಗ್ಗುಲಿಗೆ ಬಿದ್ಕೊಂಡಿದೆ. ಹಿಂಭಾಗ ಕಪ್ಪಗೆ ಕಾಣ್ತಿರೋದು ಅದು ತಿಂದ ಮಣ್ಣು. ಇದರ ಶಾಸ್ತ್ರದ ಹೆಸರು ಹೊಲೊಟ್ರೈಕಿಯಾ ಸೆರಾಟಾ. ಕಬ್ಬಿಗೂ ಕಡಲೆಕಾಯಿಗೂ ನಮ್ಮ ರಾಜ್ಯದಲ್ಲಿ ಹೆಚ್ಚು ಕಾಟ ಕೊಡೋದು ಇದೇ.

ಚಿಕ್ಕಪ್ಪ: ಹಂಗಾದ್ರೆ ತರಗಿನ ಕೆಳಗೆ ಕಂಡ ಬಿಳಿ ಹುಳ ಎಲ್ಲ ಶತ್ರು ಅಲ್ಲ ಅನ್ನು.

ಮಗಳು: ಅಲ್ಲ. ಉಳದ ಗದ್ದೆಯಲ್ಲಿ ಹುಳದ ಜಾತಿ ಹೆಚ್ಚಿರುತ್ತೆ. ಅದಕ್ಕೇ ಬಿಳಿ ಹುಳ ಕಂಡ ಕೂಡಲೆ ಔಷಧಿ ಅಂಗಡಿಗೆ ಓಡಬಾರದು. ಬ್ರೆಜಿಲ್‌ನಲ್ಲಿ ಇದನ್ನ ಚೆನ್ನಾಗಿ ಕಲಿತಿದ್ದಾರೆ. 1972ರಲ್ಲಿ ಪರಾನಾ ರಾಜ್ಯದ ರೊಲಾಂಡಿಯಾ ಅನ್ನೋ ಊರಲ್ಲಿ ಹರ್ಬರ್ಟ್ ಬಾರ್ಟ್ಸ್ ಅನ್ನೋ ರೈತ ಉಳುಮೆ ನಿಲ್ಲಿಸಿದ. ಮಳೆಗೆ ಅವನ ಕೆಂಪು ಮಣ್ಣು ಕೊಚ್ಚಿ ಹೋಗ್ತಿತ್ತು. ಅವನ ದಾರಿ ಹಿಡಿದು ದೇಶದ ದಕ್ಷಿಣ ಭಾಗವೆಲ್ಲ ಉಳದೆ ಗೋಧಿ, ಸೋಯಾ ಬಿತ್ತೋಕೆ ಶುರು ಮಾಡ್ತು. ಹಿಂದೆಯೇ ಗೊಣ್ಣೆ ಹುಳದ ಗಲಾಟೆನೂ ಬಂತು. ಅಲ್ಲಿ ಡಿಲೊಬೊಡೆರಸ್ ಅಂತ ಒಂದು ಜಾತಿ ಇದೆ. ಅದರ ಹೆಣ್ಣಿಗೆ ಗೂಡು ಕಟ್ಟಿ ಮೊಟ್ಟೆ ಇಡೋಕೆ ಒಣ ಹುಲ್ಲು ಬೇಕೇ ಬೇಕು. ಉಳದೆ ಬಿಟ್ಟ ಹೊಲದಲ್ಲಿ ಹುಲ್ಲು ರಾಶಿ ಬಿದ್ದಿರುತ್ತೆ, ಅದಕ್ಕೆ ತವರು ಸಿಕ್ಕ ಹಾಗಾಯ್ತು. ಆದ್ರೆ ಅದೇ ಹೊಲದಲ್ಲಿ ಬೊಥೈನಸ್ ಅನ್ನೋ ಇನ್ನೊಂದು ಜಾತಿ ನೆಟ್ಟಗೆ ಕೆಳಕ್ಕೆ ಬಿಲ ಕೊರೆದು ಹುಲ್ಲನ್ನ ಒಳಕ್ಕೆ ಎಳ್ಕೊಳ್ಳುತ್ತೆ. ಮಳೆ ನೀರು ಆ ಬಿಲದಲ್ಲಿ ಇಳಿಯುತ್ತೆ, ಬೆಳೆಗೆ ಆಗೋ ನಷ್ಟ ಇಲ್ಲ ಅನ್ನೋವಷ್ಟು ಕಡಿಮೆ. ಅದನ್ನ ಮುಟ್ಟಬೇಡಿ ಅಂತ ಅಲ್ಲಿನ ವಿಜ್ಞಾನಿಗಳೇ ರೈತರಿಗೆ ಹೇಳಿದ್ರು.

ಚಿಕ್ಕಪ್ಪ: ಬ್ರೆಜಿಲ್‌ನವರು ಏನಾದ್ರೂ ಮಾಡ್ಕೊಳ್ಳಲಿ, ನನ್ನ ತರಗಿನ ವಿಷಯ ಹೇಳು. ಇದಕ್ಕೂ ತರಗೇ ತವರಾ?

ಮಗಳು: ಇದು ತರಗಲ್ಲಿ ಗೂಡು ಕಟ್ಟೋ ಜಾತಿ ಅಲ್ಲ, ಮೊಟ್ಟೆ ಇಡೋದು ಮಣ್ಣೊಳಗೆ. ಆದ್ರೆ ಹೆಣ್ಣಿಗೆ ಹಸಿ ಇರೋ ಸಡಿಲ ಮಣ್ಣು ಇಷ್ಟ, ತರಗಿನ ಕೆಳಗೆ ಅದು ಸಿಗುತ್ತೆ. ಅಷ್ಟರಮಟ್ಟಿಗೆ ಊರವರ ಮಾತು ಸುಳ್ಳಲ್ಲ. ಮರಿಗಳು ಎಳೆಯವಿದ್ದಾಗ ಕೊಳೆತ ಕಸ, ಕೂದಲಿನಂಥ ಬೇರು ತಿಂದ್ಕೊಂಡಿರ್ತವೆ. ಬೆಳೆದ ಮೇಲೆ ದಪ್ಪ ಬೇರು ಬಿಟ್ಟು ಬೇರೇನೂ ಬೇಡ. ಇನ್ನು ಅದೇ ತರಗಿನಡಿ ಇರುವೆ, ನೆಲದ ಬೇಟೆ ದುಂಬಿ ಎಲ್ಲ ಮನೆ ಮಾಡಿರ್ತವೆ, ಅವು ಮೊಟ್ಟೆನೂ ಎಳೆ ಮರಿನೂ ಬಿಡಲ್ಲ. ಬದುವಿನ ಹೂವಿನ ಮೇಲೆ ರೋಮ ರೋಮದ ಕಪ್ಪು ಕಣಜ ಹಾರಾಡುತ್ತಲ್ಲ, ಅದರಲ್ಲಿ ಒಂದು ಜಾತಿ ಮಣ್ಣು ತೋಡಿ ಒಳಗಿಳಿದು ಗೊಣ್ಣೆ ಹುಳನ ಕುಟುಕಿ ಮೈಮೇಲೆ ಮೊಟ್ಟೆ ಇಡುತ್ತೆ. ಕಣಜದ ಮರಿಗೆ ಹುಳನೇ ಊಟ. ನೀವು ತರಗು ಸುಟ್ರೆ ಕಳ್ಳನೂ ಹೋಗ್ತಾನೆ, ಪೊಲೀಸೂ ಹೋಗ್ತಾನೆ. ಕಳ್ಳ ಮಾತ್ರ ಮುಂದಿನ ವರ್ಷ ಪಕ್ಕದ ಗದ್ದೆಯಿಂದ ಹಾರಿಬರ್ತಾನೆ.

ಚಿಕ್ಕಪ್ಪ: ಸುಡಲ್ಲ ಬಿಡು. ಈಗ ಮಾಡೋದೇನು ಹೇಳು.

ಮಗಳು: ಈಗ ಮಾಡೋದು ಬಹಳ ಕಡಿಮೆ, ಅದೇ ಕಷ್ಟ. ಈ ಹುಳದ ವರ್ಷ ನಿಮ್ಮ ಮಳೆ ನಕ್ಷತ್ರದ ಲೆಕ್ಕದಲ್ಲೇ ಹೇಳ್ತೀನಿ. ಭರಣಿ, ಕೃತ್ತಿಕೆಯಲ್ಲಿ ನೆಲ ನೆನೆಯೋ ಹಾಗೆ ಮೊದಲ ಮಳೆ ಬಿತ್ತು ಅಂದ್ಕೊಳ್ಳಿ. ಆವತ್ತು ಅಥವಾ ಮಾರನೇ ದಿನ ಹೊತ್ತು ಮುಳುಗಿ ಮಬ್ಬಾಗ್ತಿದ್ದ ಹಾಗೆ ಕಂದು ದುಂಬಿಗಳು ಮಣ್ಣಿಂದ ಎದ್ದು ಬೇವು, ಜಾಲಿ, ನುಗ್ಗೆ, ಎಲಚಿ ಮರಕ್ಕೆ ಹಾರ್ತವೆ. ಅಲ್ಲೇ ಜೊತೆಯಾಗ್ತವೆ, ರಾತ್ರಿಯೆಲ್ಲ ಎಲೆ ತಿಂತವೆ, ಬೆಳಗಾಗೋ ಮುಂಚೆ ಮಣ್ಣಿಗೆ ಇಳೀತವೆ. ರೋಹಿಣಿ ಹೊತ್ತಿಗೆ ಮೊಟ್ಟೆ. ಎರಡು ವಾರದೊಳಗೆ ಮರಿ. ಮೃಗಶಿರ, ಆರಿದ್ರೆಯಲ್ಲಿ ಮರಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ನಿಮ್ಮ ಕಣ್ಣಿಗೆ ಬೀಳಲ್ಲ. ಪುಷ್ಯ, ಆಶ್ಲೇಷದಿಂದ ಈ ಹುಬ್ಬೆವರೆಗೆ ದಪ್ಪ ಹುಳ, ಬೇರಿನ ಊಟ. ಹಸ್ತ, ಚಿತ್ತೆ ಬಂದ ಮೇಲೆ ಒಂದಡಿಗೂ ಕೆಳಕ್ಕೆ ಇಳಿದು ಮಣ್ಣಿನ ಗೂಡಲ್ಲಿ ಕೋಶ ಆಗುತ್ತೆ. ಕಾರ್ತೀಕದ ಹೊತ್ತಿಗೆ ಕೋಶ ಒಡೆದು ದುಂಬಿ ಆಗಿರುತ್ತೆ, ಆದ್ರೆ ಮೇಲೆ ಬರಲ್ಲ. ಮುಂದಿನ ಭರಣಿವರೆಗೆ ಅಲ್ಲೇ ನಿದ್ದೆ. ವರ್ಷಕ್ಕೆ ಒಂದೇ ಸಂತಾನ.

ಚಿಕ್ಕಪ್ಪ: ಅಂದ್ರೆ ಕಬ್ಬು ಒಣಗಿದ್ದು ನನ್ನ ಕಣ್ಣಿಗೆ ಬೀಳೋ ಹೊತ್ತಿಗೆ ಅದರ ಊಟ ಮುಗೀತಾ ಬಂದಿರುತ್ತೆ.

ಮಗಳು: ಅದನ್ನೇ ಹೇಳೋಕೆ ಬಂದೆ. ರೈತರು ಹುಬ್ಬೆಯಲ್ಲಿ ಎಚ್ಚರ ಆಗ್ತಾರೆ, ಹುಳದ ಹತ್ತಿರ ಮಾತಾಡಬೇಕಾದದ್ದು ಭರಣಿಯಲ್ಲಿ. ಉಳುವವನಿಗೆ ಈ ತಪ್ಪು ಅಷ್ಟು ದುಬಾರಿ ಅಲ್ಲ, ಯಾವತ್ತೋ ಒಂದು ದಿನ ಅವನ ನೇಗಿಲು ಆ ಕೆಲಸ ಮಾಡಿಬಿಡುತ್ತೆ. ಉಳದವನಿಗೆ ಆ ಆಸರೆ ಇಲ್ಲ. ಅವನು ದಿನ ಲೆಕ್ಕ ಇಟ್ಟೇ ಬೇಸಾಯ ಮಾಡಬೇಕು.

ಚಿಕ್ಕಪ್ಪ: ಭರಣಿಯಲ್ಲಿ ಏನು ಮಾಡಬೇಕಾಗಿತ್ತು? ಬೇವಿನ ಮರ ಕಡಿಯೋದಾ? ಬದುವಿನ ಬೇವು ನಮ್ಮಪ್ಪ ನೆಟ್ಟಿದ್ದು ಕಣಮ್ಮ.

ಮಗಳು: ಕಡಿಯೋದು ಯಾಕೆ, ಅದೇ ನಿಮ್ಮ ಬಲೆ! ದುಂಬಿಗಳು ಹೊಲದ ತುಂಬ ಚದುರಿದ್ರೆ ಹಿಡಿಯೋಕೆ ಆಗಲ್ಲ. ಮರಕ್ಕೆ ತಾವಾಗೇ ಬಂದು ಸೇರ್ತವೆ. ಮೊದಲ ಮಳೆ ಬಿದ್ದ ಸಂಜೆ ಏಳೂವರೆ ಮೇಲೆ ಟಾರ್ಪಾಲು ಹಾಸಿ, ಗಳದಲ್ಲಿ ಕೊಂಬೆ ಅಲ್ಲಾಡಿಸಿ. ಉದುರಿದ್ದನ್ನ ಬಾಚಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಸುತ್ತ ಮರ ಬಹಳ ಇದ್ರೆ ಮಳೆಗೆ ಮುಂಚೆ ಕೆಲವನ್ನ ಸವರಿ, ಒಂದೆರಡನ್ನ ಮಾತ್ರ ಸೊಂಪಾಗಿ ಬಿಡಿ. ದುಂಬಿಗಳೆಲ್ಲ ಆ ಒಂದೆರಡಕ್ಕೇ ಮುಗಿಬೀಳ್ತವೆ. ಮರವೇ ಇಲ್ಲದ ಕಡೆ ಬೇವಿನ ಕೊಂಬೆ ಕಡಿದು ತಂದು ಗದ್ದೆಯಲ್ಲಿ ನೆಟ್ರೂ ಬರ್ತವೆ. ಮೊಟ್ಟೆ ಇಡೋ ಮುಂಚೆ ಒಂದು ಹೆಣ್ಣು ಸತ್ರೆ ಹತ್ತಾರು ಮರಿ ಹುಟ್ಟೋದೇ ಇಲ್ಲ.

ಚಿಕ್ಕಪ್ಪ: ಒಂದು ರಾತ್ರಿ ಸಾಕಾ?

ಮಗಳು: ಸಾಲದು, ಎಲ್ಲ ದುಂಬಿನೂ ಒಂದೇ ದಿನ ಏಳಲ್ಲ. ಮಳೆ ಬಿದ್ದ ಮೇಲೆ ಎರಡು ಮೂರು ವಾರ ಕಣ್ಣಿಡಬೇಕು. ಬೆಳಗ್ಗೆ ಬೇವಿನ ಎಲೆ ಅಂಚೆಲ್ಲ ಹರಿದಿದ್ರೆ, ಮರದಡಿ ಹಿಕ್ಕೆ ಉದುರಿದ್ರೆ, ರಾತ್ರಿ ಬಂದಿದ್ವು ಅಂತ ಲೆಕ್ಕ. ಬೀದಿದೀಪದ ಕೆಳಗೂ ಬಿದ್ದಿರ್ತವೆ. ಮಳೆ ತಡವಾದ ವರ್ಷ ಅವೂ ತಡ. ಪಂಚಾಂಗದ ದಿನಕ್ಕಿಂತ ನೆಲ ನೆಂದ ದಿನ ಮುಖ್ಯ.

ಚಿಕ್ಕಪ್ಪ: ನಾನು ನನ್ನ ಬೇವು ಅಲ್ಲಾಡಿಸ್ತೀನಿ. ಪಕ್ಕದ ಬದುವಿನ ಜಾಲಿಯಿಂದ ಎದ್ದು ಬಂದು ನನ್ನ ಗದ್ದೇಲಿ ಮೊಟ್ಟೆ ಇಟ್ರೆ?

ಮಗಳು: ಇಡ್ತವೆ. ಅದಕ್ಕೇ ಇದು ಒಬ್ಬರ ಕೆಲಸ ಅಲ್ಲ. ರಾಜಸ್ಥಾನದ ಕಡಲೆಕಾಯಿ ಸೀಮೆಯಲ್ಲಿ ಇದರದೇ ಕುಲದ ಇನ್ನೊಂದು ದುಂಬಿ ಇದೆ. ಅದು ಗುಂಪುಗೂಡೋಕೆ ಬಿಡೋ ವಾಸನೆ ಯಾವುದು ಅಂತ ವಿಜ್ಞಾನಿಗಳು ಪತ್ತೆ ಮಾಡಿದ್ರು. ಮೆಥಾಕ್ಸಿ ಬೆಂಜೀನ್ ಅಂತ. ಅದನ್ನ ಆಯ್ದ ಕೆಲವು ಮರಕ್ಕೆ ಕಟ್ಟಿ ದುಂಬಿಗಳನ್ನ ಅಲ್ಲಿಗೇ ಸೆಳೆಯೋದು. ಅಲ್ಲೂ ಊರು ಸೇರಿ ಮಾಡಿದ್ರೆ ಮಾತ್ರ ಫಲ. ದುಂಬಿ ತೀರಾ ದೂರ ಹಾರಲ್ಲ. ನಿಮ್ಮ ಸುತ್ತಲಿನ ಗದ್ದೆಯವರು ಸೇರಿದ್ರೆ ಸಾಕು, ತಾಲ್ಲೂಕೇ ಸೇರಬೇಕಾಗಿಲ್ಲ.

ಇಲ್ಲಿ ನನ್ನದೊಂದು ಮಾತು. ಉಳದ ಬೇಸಾಯದ ಸಭೆಗಳಲ್ಲಿ ಮಣ್ಣಿನ ಜೀವಾಣು, ಮುಚ್ಚಿಗೆ, ಜೀವಾಮೃತದ ಬಗ್ಗೆ ಗಂಟೆಗಟ್ಟಲೆ ಮಾತಾಗುತ್ತದೆ. ನೆಲ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂದರೆ ಚಪ್ಪಾಳೆ ಬೀಳುತ್ತದೆ. ಮಳೆ ಬಿದ್ದ ಸಂಜೆ ಗಳ ಹಿಡಿದು ಮರದಡಿ ನಿಲ್ಲಬೇಕು ಎಂದು ಹೇಳುವವರು ವಿರಳ. ಕೆಲಸ ಕಡಿಮೆಯಾಗುತ್ತದೆ ಎಂದು ನಂಬಿ ಬಂದ ರೈತನಿಗೆ ಈ ಅರ್ಧ ಸತ್ಯ ದುಬಾರಿ. ಸಂವಾದಕ್ಕೆ ಮರಳೋಣ.

ಚಿಕ್ಕಪ್ಪ: ನಮ್ಮಪ್ಪನ ಕಾಲದಲ್ಲಿ ಕಬ್ಬಿಗೆ ಗೊಣ್ಣೆ ಬಿದ್ರೆ ನೀರು ಕಟ್ತಿದ್ರು. ಎರಡು ದಿನ ಗದ್ದೆ ಕೆರೆ ಮಾಡಿಬಿಡೋರು. ಹುಳ ಮೇಲೆದ್ದು ಬರೋದು, ಬೆಳ್ಳಕ್ಕಿಗೆ ಹಬ್ಬ.

ಮಗಳು: ಈಗಲೂ ಅದು ಒಳ್ಳೇ ಉಪಾಯ. ಹುಳ ಮೈ ಪಕ್ಕದ ಸಣ್ಣ ತೂತುಗಳಲ್ಲಿ ಉಸಿರಾಡೋದು, ನೀರು ನಿಂತ್ರೆ ಉಸಿರು ಕಟ್ಟುತ್ತೆ. ಕಬ್ಬು ಎರಡು ದಿನದ ನೀರು ತಡ್ಕೊಳ್ಳುತ್ತೆ. ಆದ್ರೆ ಎಳೆ ಮರಿ ಸಾಯೋ ಹಾಗೆ ದಪ್ಪ ಹುಳ ಬೇಗ ಸಾಯಲ್ಲ. ಹಾಗಾಗಿ ಮೃಗಶಿರ, ಆರಿದ್ರೆಯಲ್ಲಿ ಕಟ್ಟಿದ್ರೆ ಲಾಭ ಹೆಚ್ಚು.

ಚಿಕ್ಕಪ್ಪ: ಮೃಗಶಿರದಲ್ಲಿ ವಿ.ಸಿ. ನಾಲೆಗೆ ನೀರು ಎಲ್ಲಿಂದ ಬರಬೇಕು? ಕೆ.ಆರ್.ಎಸ್. ತುಂಬೋದು ಕೊಡಗಲ್ಲಿ ಮಳೆ ಹಿಡಿದ ಮೇಲೆ. ನಾಲೆ ಬಿಟ್ರೂ ಕಟ್ಟು ಪದ್ಧತಿ, ಇಷ್ಟು ದಿನ ಬಿಡ್ತಾರೆ, ಇಷ್ಟು ದಿನ ನಿಲ್ಲಿಸ್ತಾರೆ. ಅದೂ ಅಲ್ದೆ ಮೇಲಿನ ತಾಕು ಮರಳು ಕೆಂಪು, ನೀರು ನಿಲ್ಲಲ್ಲ. ಹುಳನೂ ಅಲ್ಲೇ ಜಾಸ್ತಿ.

ಮಗಳು: ಹಗುರ ಮಣ್ಣಲ್ಲೇ ಅದು ಜಾಸ್ತಿ, ನಿಮ್ಮ ಲೆಕ್ಕ ಸರಿ. ಹಾಗಾದ್ರೆ ಮೇಲಿನ ತಾಕಿಗೆ ಮರದ ಬಲೆಯೇ ಗತಿ. ಕೆಳಗಿನ ಜೇಡಿ ತಾಕಿಗೆ ಮೊದಲ ನಾಲೆ ನೀರು ಬಂದ ಕೂಡಲೆ ಕಟ್ಟಿ. ಇನ್ನೊಂದು ವಿಷಯ. ಈ ಕೂಳೆ ಎಷ್ಟನೇದು?

ಚಿಕ್ಕಪ್ಪ: ಮೂರನೇದು. ಇನ್ನೂ ಒಂದು ಬಿಡೋಣ ಅಂತಿದ್ದೆ.

ಮಗಳು: ಬಿಡಬೇಡಿ. ಹುಳದ ಪಾಲಿಗೆ ಕೂಳೆ ಕಬ್ಬು ಅಂದ್ರೆ ಅಲ್ಲಾಡದ ಮನೆ, ತೀರದ ಊಟ. ಒಂದೇ ಬೆಳೆ, ಒಂದೇ ಜಾಗ, ಮೂರು ವರ್ಷ ಯಾರೂ ಮುಟ್ಟಿಲ್ಲ. ಪ್ರತಿ ಭರಣಿಗೆ ಸಂಖ್ಯೆ ಏರ್ತಾ ಹೋಗುತ್ತೆ. ಹುಳ ಬಿದ್ದ ಗದ್ದೆಯಲ್ಲಿ ಮತ್ತೆ ಕೂಳೆ ಬಿಡಬಾರದು ಅನ್ನೋದು ಹಳೇ ಶಿಫಾರಸು, ಅದಕ್ಕೆ ಉಳುವವ, ಉಳದವ ಅಂತ ಭೇದ ಇಲ್ಲ. ಈ ಕಟಾವು ಆದ ಮೇಲೆ ಒಂದು ಬೆಳೆ ಭತ್ತ ಹಾಕಿ. ತಿಂಗಳುಗಟ್ಟಲೆ ನೀರು ನಿಂತ ಗದ್ದೆಯಲ್ಲಿ ಗೊಣ್ಣೆ ಹುಳ ಬದುಕಲ್ಲ.

ಚಿಕ್ಕಪ್ಪ: ಭತ್ತಕ್ಕೆ ಕೆಸರು ಮಾಡಬೇಕು. ಕೆಸರು ಅಂದ್ರೆ ಉಳುಮೆ. ನನ್ನ ನಾಲ್ಕು ವರ್ಷದ ಹಠ ಅಲ್ಲಿಗೆ ಮುಗೀತು.

ಮಗಳು: ಹಠ ಮಣ್ಣಿಗೋ, ನಿಮಗೋ? ನಾಲ್ಕು ವರ್ಷಕ್ಕೊಮ್ಮೆ ಉಳುಮೆ ಮಾಡಿದ್ರೆ ನೆಲ ಹಾಳಾಗಲ್ಲ. ಪ್ರತಿ ವರ್ಷ ಮೂರು ನಾಲ್ಕು ಸಲ ರೋಟವೇಟರ್ ಬಿಟ್ಟು ಪುಡಿ ಮಾಡ್ತಿದ್ರಲ್ಲ, ನೆಲ ಹಾಳಾಗಿದ್ದು ಅದರಿಂದ. ಹುಳ ಇಲ್ಲದ ಗದ್ದೆಗೆ ಉಳುಮೆ ಬೇಡ, ಹುಳ ಬಿದ್ದ ತಾಕಿಗೆ ಮಾತ್ರ ಒಂದು ಸಲ ನೇಗಿಲು ಇಳಿಸಿ. ಕೆಸರೇ ಬೇಡ ಅಂದ್ರೆ ಕಬ್ಬು ತೆಗೆದ ಮೇಲೆ ಅಪ್ಸೆಣಬು ಚೆಲ್ಲಿ, ಗದ್ದೆಗೆ ಬಿಡುವು ಕೊಡಿ. ಬ್ರೆಜಿಲ್‌ನ ಸೋಯಾ ಹೊಲದ ಗೊಣ್ಣೆ ಹುಳಕ್ಕೆ ಸೆಣಬಿನ ಬೇರು ಒಗ್ಗಲ್ಲ, ತಿಂದು ಸರಿಯಾಗಿ ಬೆಳೆಯಲ್ಲ ಅಂತ ಅಲ್ಲಿ ಕಂಡುಕೊಂಡಿದ್ದಾರೆ. ಅದು ಬೇರೆ ಜಾತಿ, ನಮ್ಮ ಹುಳಕ್ಕೂ ಹಾಗೇ ಅಂತ ನಾನು ಹೇಳಲ್ಲ. ಆದ್ರೆ ಸೆಣಬು ನಿಮಗೆ ಹೊಸದಲ್ಲ, ಭತ್ತಕ್ಕೆ ಮುಂಚೆ ಹಸಿರೆಲೆ ಗೊಬ್ಬರಕ್ಕೆ ಅಂತ ಹಾಕ್ತಾನೇ ಇದ್ರಿ. ನಷ್ಟ ಏನೂ ಇಲ್ಲ.

ಚಿಕ್ಕಪ್ಪ: ಫೋರೇಟ್ ಗುಳಿಗೆ ಎರಚಿದ್ರೆ ಇಷ್ಟೆಲ್ಲ ತಾಪತ್ರಯ ಇರ್ತಿರಲಿಲ್ಲ ಅಂತಾನೆ ಪಕ್ಕದವ. ಅದರ ವಾಸನೆ ಮೂಗಿಗೆ ಬಂದ್ರೆ ಇವತ್ತಿಗೂ ತಲೆ ತಿರುಗುತ್ತೆ.

ಮಗಳು: 2020ರ ಕೊನೆಗೆ ಅದು ದೇಶದಲ್ಲೇ ನಿಷೇಧ ಆಯ್ತು. ಹಳೇ ದಾಸ್ತಾನು ಇದೆ ಅಂತ ಯಾರಾದ್ರೂ ಕೊಟ್ರೆ ಮುಟ್ಟಬೇಡಿ. ಗುಳಿಗೆಗೆ ಹುಳ ಯಾವುದು ಕಣಜ ಯಾವುದು ಗೊತ್ತಾಗಲ್ಲ, ನಿಮ್ಮ ಎರೆಹುಳ ಮೊದಲು ಹೋಗುತ್ತೆ. ಬೇಕೇ ಬೇಕು ಅಂದ್ರೆ ಮೆಟಾರೈಜಿಯಂ ಅನ್ನೋ ಶಿಲೀಂಧ್ರ ಇದೆ. 1879ರಲ್ಲಿ ಮೆಚ್ನಿಕಾಫ್ ಅನ್ನೋ ವಿಜ್ಞಾನಿ ಒಡೆಸ್ಸಾ ಸೀಮೆಯ ಗೋಧಿ ದುಂಬಿಯ ಮೈಮೇಲೆ ಇದನ್ನ ಕಂಡು ಹುಳದ ಮೇಲೇ ತಿರುಗಿಸೋಕೆ ಯೋಚಿಸಿದ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಆರಿದ್ರೆ ಹೊತ್ತಿಗೆ ಬುಡಕ್ಕೆ ಹಾಕಬೇಕು. ತರಗಿನಡಿ ತೇವ ಇರುತ್ತೆ, ನೆರಳಿರುತ್ತೆ, ಬಿಸಿಲಿಗೆ ಒಣಗೋ ಬಯಲು ಗದ್ದೆಗಿಂತ ಅದು ನಿಮ್ಮಲ್ಲಿ ಹೆಚ್ಚು ದಿನ ಬಾಳುತ್ತೆ. ಉಳದ ಗದ್ದೆಗೆ ಇರೋ ಲಾಭದಲ್ಲಿ ಅದೂ ಒಂದು.

ಚಿಕ್ಕಪ್ಪ: ಸರಿ. ಇವತ್ತು ಈ ಒಣಗಿದ ತೇಪೆಗೆ ಏನು ಮಾಡ್ಲಿ?

ಮಗಳು: ಔಷಧಿಗೆ ದುಡ್ಡು ಹಾಕಬೇಡಿ, ಕಾಲ ಮೀರಿದೆ. ಒಣಗಿದ ಬುಡಗಳನ್ನ ಕಿತ್ತು ಸುತ್ತ ಒಂದಡಿ ಅಗೆದು ಹುಳ ಆರಿಸಿ ತೆಗೀರಿ. ಇಲ್ಲಿ ಬೇರು ಮುಗಿದ ಮೇಲೆ ಅವು ಪಕ್ಕದ ಹಸಿರು ಬುಡಕ್ಕೆ ಸರೀತವೆ, ಹಾಗಾಗಿ ತೇಪೆಯ ಅಂಚಿನ ಹಸಿರು ಸಾಲಿನಲ್ಲೂ ಅಗೆದು ನೋಡಿ. ನಾಟಿಕೋಳಿ ಇವೆಯಲ್ಲ, ಅಗೆದ ಕಡೆ ಬಿಡಿ. ಆಮೇಲೆ ಗದ್ದೆಯ ಬೇರೆ ಬೇರೆ ಕಡೆ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳ ಗುಂಡಿ ತೆಗೆದು ಹುಳ ಎಣಿಸಿ ಬರೆದಿಡಿ. ಎಲ್ಲಿ ಜಾಸ್ತಿ, ಎಲ್ಲಿ ಇಲ್ಲ ಅಂತ ಗೊತ್ತಾದ್ರೆ ಕಟಾವಿನ ನಂತರ ಯಾವ ತಾಕಿಗೆ ಭತ್ತ, ಯಾವ ತಾಕಿಗೆ ಕೂಳೆ ಅಂತ ನೀವೇ ತೀರ್ಮಾನ ಮಾಡಬಹುದು. ನಿಮ್ಮ ಬೇವಿನ ಬದುವಿನ ಕಡೆ ಜಾಸ್ತಿ ಸಿಗುತ್ತೆ ಅಂತ ನನ್ನ ಅಂದಾಜು.

ಚಿಕ್ಕಪ್ಪ: ಒಣಗಿರೋದು ಆ ಮಗ್ಗುಲೇ. ಭರಣಿ ಕೆಲಸಕ್ಕೆ ಊರವರನ್ನ ಹೇಗೆ ಕೂಡಿಸೋದು? ಗ್ರಾಮಸಭೆ ಕರೆದ್ರೆ ಹತ್ತು ಜನ ಬರಲ್ಲ.

ಮಗಳು: ಸಭೆ ಬೇಡ. ಸಂಜೆ ಡೇರಿಗೆ ಹಾಲು ಹಾಕೋಕೆ ಊರೆಲ್ಲ ಬರುತ್ತೆ. ಹಾಲು ಅಳೆದು ಮುಗಿಯೋದು ಆರೂವರೆ, ಏಳಕ್ಕೆ. ದುಂಬಿ ಏಳೋದೂ ಅದೇ ಹೊತ್ತಿಗೆ. ಮೊದಲ ಮಳೆ ಬಿದ್ದ ಸಂಜೆ ಡೇರಿ ಹತ್ತಿರ ಟಾರ್ಪಾಲು ತಂದಿಡಿ. ಬರೋರು ಬರಲಿ, ನಿಮ್ಮ ಸುತ್ತಿನ ಗದ್ದೆಯವರು ತಪ್ಪದೆ ಬರೋ ಹಾಗೆ ನೀವು ಮುಂಚೆನೇ ಮನೆಮನೆಗೆ ಹೋಗಿ ಹೇಳಿ.

ಚಿಕ್ಕಪ್ಪ: ಸೀಮೆಎಣ್ಣೆ ಈಗ ಸಿಗಲ್ಲ, ಡೀಸೆಲ್ ನಡೆಯುತ್ತಾ?

ಮಗಳು: ಸಾಬೂನು ನೀರಾದ್ರೂ ನಡೆಯುತ್ತೆ, ಬಕೆಟ್ ಆಳವಾಗಿರಲಿ.